ಕದ್ದು ಉಣಿಸಿದವಳು

"ಬಿಳಿಗಲ್ಲು ರಾಜ್ಯದ ಪ್ರಜೆಗಳೇ, ಕಿವಿಗೊಟ್ಟು ಕೇಳಿ! ರಾಜಕುಮಾರಿ ಹೊನ್ನಾಜಮ್ಮಣ್ಣಿಯವರ ಮೂರು ಒಗಟುಗಳನ್ನು ಬಿಡಿಸಿದವನು ಬೇಡಿದ್ದನ್ನು ಪಡೆಯುತ್ತಾನೆ. ಅಮ್ಮಣ್ಣಿಯವರು ಒಪ್ಪಿದರೆ ಅವರ ಕೈಯನ್ನೂ ಹಿಡಿಯುತ್ತಾನೆ. ತಪ್ಪು ಹೇಳಿದವನ ತಲೆ ಸಂಜೆಯೊಳಗೆ ಉರುಳುತ್ತದೆ!"

ಡಂಗುರ ಕೇಳಿದಾಗ ಸಣ್ಣೀರ ಹಿತ್ತಿಲಲ್ಲಿ ಪಾತ್ರೆ ಬೆಳಗುತ್ತಿದ್ದ. ಅವನ ತಾಯಿ ಚೌಡವ್ವ ಇಪ್ಪತ್ತು ವರ್ಷ ಅರಮನೆಯಲ್ಲಿ ಅಡಿಗೆ ಮಾಡಿದವಳು. ಅವಳು ನಸುಕಿಗೇ ಕೆಲಸಕ್ಕೆ ಹೋಗುತ್ತಿದ್ದುದರಿಂದ ಗುಡಿಸುವುದು, ಒರೆಸುವುದು, ಬೇಯಿಸುವುದು ಎಲ್ಲ ಮಗನ ಪಾಲಿಗೆ ಬಂದಿತ್ತು. ಈಗ ಎಂಟು ದಿನದಿಂದ ಅವಳು ಸೆರೆಮನೆಯಲ್ಲಿದ್ದಳು. ಅಡಿಗೆಮನೆಯ ಒರಳಿನ ಹಿಂದೆ ಒಂದು ಗಡಿಗೆ ಅಕ್ಕಿ ಸಿಕ್ಕಿತೆಂದು ಉಗ್ರಾಣದ ಅಧಿಕಾರಿ ಕೆಂಚರಾಯ ಕಳ್ಳತನದ ಆರೋಪ ಹೊರಿಸಿದ್ದ. ಸೋಮವಾರ ಅವಳ ಬಲಗೈ ಕಡಿಯಬೇಕೆಂದು ಅಪ್ಪಣೆಯಾಗಿತ್ತು.

ಊರಿಗೆಲ್ಲ ಉಣಿಸಿದ ಕೈ! ಅದನ್ನು ಕಡಿಯಬೇಕಂತೆ! ಸಣ್ಣೀರ ಪಾತ್ರೆ ಬಿಟ್ಟು ಎದ್ದ.

"ಎಲ್ಲಿಗೋ, ಮುಸುರೆ ತಿಕ್ಕೋನೇ?" ಎಂದ ಪಕ್ಕದ ಮನೆಯ ಮಾರಣ್ಣ. "ರಾಜಕುಮಾರರೇ ತಲೆ ಕಳಕೊಳ್ಳೋ ಜಾಗಕ್ಕೆ?"

"ಹೂಂ ಅಣ್ಣಾ. ಯಾವ ನ್ಯಾಯದಲ್ಲಿ ನಮ್ಮವ್ವನ ಕೈ ಕಡೀತಾರೋ ಕೇಳಿಯೇ ಬರ್ತೀನಿ."

ಆಸ್ಥಾನದಲ್ಲಿ ರೇಷ್ಮೆ ಪೇಟಗಳ ಸಾಲು. ಅಮ್ಮಣ್ಣಿ ಮೊದಲ ಒಗಟು ಹೇಳಿದಳು: "ಕರೆಯದೆ ಮನೆಗೆ ಬರುತ್ತದೆ. ಹೊರಗಟ್ಟಿದರೆ ನಾಳೆ ಮತ್ತೆ ಬರುತ್ತದೆ. ಅಟ್ಟಿದವರನ್ನು ಯಾರೂ ಹೊಗಳುವುದಿಲ್ಲ. ಅಟ್ಟದ ದಿನ ಮಾತ್ರ ಎಲ್ಲರೂ ಬೈಯುತ್ತಾರೆ. ಏನದು?"

"ಶತ್ರುಸೇನೆ!" ಎಂದ ನೆರೆರಾಜ್ಯದ ರಾಜಕುಮಾರ. ಭಟರು ಅವನ ರಟ್ಟೆ ಹಿಡಿದರು.

"ಮನುಷ್ಯನ ಆಸೆ," ಎಂದ ಕಾಶಿಯಲ್ಲಿ ಓದಿ ಬಂದ ಪಂಡಿತ. ಅವನನ್ನೂ ಎಳೆದುಕೊಂಡು ಹೋದರು.

ಸಣ್ಣೀರನಿಗೆ ಮೈ ಉರಿಯಿತು. ಇಷ್ಟು ಓದಿದವರಿಗೆ ಇಷ್ಟೂ ಗೊತ್ತಿಲ್ಲವೇ? "ಧೂಳು, ಅಮ್ಮಣ್ಣಿಯವರೇ," ಎಂದ. "ಇವರು ಒಂದು ದಿನ ಕಸ ಗುಡಿಸಿದ್ದರೆ ತಲೆ ಉಳೀತಿತ್ತು."

ಸಭೆ ಗೊಳ್ಳೆಂದಿತು. ಅಮ್ಮಣ್ಣಿ ನಗಲಿಲ್ಲ. "ಸರಿ. ಎರಡನೆಯದು. ಇನ್ನೊಬ್ಬರ ಕೈ ಸುಡದಿರಲೆಂದು ತಾನು ಸುಡುತ್ತದೆ. ಮನೆಯ ಯೋಗ್ಯತೆ ತಿಳಿಯಬೇಕಾದರೆ ಜಗಲಿ ನೋಡಬೇಡಿ, ಅದನ್ನು ನೋಡಿ."

"ರಣರಂಗದ ಯೋಧ!" ಎಂದು ಮಂತ್ರಿಯ ಮಗ ನುಗ್ಗಿ ಹೇಳಿದ. ಮಂತ್ರಿ ಕಣ್ಣು ಮುಚ್ಚಿಕೊಂಡ.

"ಮಸಿಬಟ್ಟೆ," ಎಂದ ಸಣ್ಣೀರ. "ಒಲೆಯಿಂದ ಪಾತ್ರೆ ಇಳಿಸೋ ಬಟ್ಟೆ. ನಮ್ಮವ್ವ ದಿನಾ ಬೂದಿನೀರಲ್ಲಿ ಕುದಿಸಿ ಒಗೀತಾಳೆ. ಅದು ಜಿಡ್ಡುಗಟ್ಟಿದ ಮನೇಲಿ ಅವಳು ನೀರೂ ಕುಡಿಯೋಳಲ್ಲ."

ಈಗ ಯಾರೂ ನಗಲಿಲ್ಲ. ಅಮ್ಮಣ್ಣಿಯ ದನಿ ತಗ್ಗಿತು. "ಮೂರನೆಯದು. ಹಸಿದವರ ಕಣ್ಣೆದುರೇ ದಿನವೂ ಕದಿಯುತ್ತಾಳೆ. ಕದ್ದದ್ದನ್ನು ತಾನು ಮುಟ್ಟುವುದಿಲ್ಲ. ಯಾರಿಂದ ಕದ್ದಳೋ ಅವರಿಗೇ ಒಂದು ದಿನ ಉಣಿಸುತ್ತಾಳೆ. ಯಾರು ಆ ಕಳ್ಳಿ?"

ಸಣ್ಣೀರ ಭಟರನ್ನು ದಾಟಿ ಮುಂದೆ ಬಂದ.

"ಆ ಕಳ್ಳಿ ನಿಮ್ಮ ಸೆರೆಮನೆಯಲ್ಲಿದ್ದಾಳೆ ಬುದ್ಧೀ!" ಎಂದು ರಾಜನ ಕಡೆ ತಿರುಗಿದ. "ಅಕ್ಕಿ ಅಳೆದ ಮೇಲೆ ಒಂದು ಹಿಡಿ ತೆಗೆದು ಬೇರೆ ಗಡಿಗೆಗೆ ಹಾಕುವುದು ಸಂಸಾರ ಮಾಡುವವರ ಅಭ್ಯಾಸ. ಇಲ್ಲದ ದಿನಕ್ಕೆ ಇರಲಿ ಅಂತ. ಬಡವರ ಮನೇಲಿ ಅದಕ್ಕೆ ಜಾಣತನ ಅಂತಾರೆ. ಅರಮನೇಲಿ ಕಳ್ಳತನ ಅಂತೀರಾ?"

"ನನ್ನ ಅರಮನೆಯಲ್ಲಿ ಇಲ್ಲದ ದಿನ ಎಲ್ಲಿ ಬಂತೋ?" ರಾಜ ಗುಡುಗಿದ.

"ಹೋದ ವರ್ಷ ಹೊಳೆ ತುಂಬಿ, ಉಗ್ರಾಣಕ್ಕೆ ನೀರು ನುಗ್ಗಿ, ಮೂರು ದಿನ ಒಂದು ಬಂಡಿಯೂ ಬರಲಿಲ್ಲ. ಆಗ ತಾವು ಉಂಡದ್ದು ಯಾವ ಅಕ್ಕಿ? ಕೆಂಚರಾಯರನ್ನೇ ಕೇಳಿ."

ಕೆಂಚರಾಯ ಕಂಬದ ಹಿಂದಕ್ಕೆ ಸರಿದ.

"ನಾನು ಕಂಡಿದ್ದೇನೆ ಅಪ್ಪಾಜಿ," ಎಂದಳು ಅಮ್ಮಣ್ಣಿ. "ಆ ಗಡಿಗೆಯಿಂದಲೇ ಚೌಡವ್ವ ಬೇಯಿಸಿದಳು. ನಾನು ಹೇಳಬಂದಾಗ 'ಅಡಿಗೆಮನೆ ಮಾತು ನಿನಗೇಕೆ' ಎಂದು ಬಾಯಿ ಮುಚ್ಚಿಸಿದಿರಿ. ಒಗಟು ಮಾಡಿದರಾದರೂ ಕೇಳುತ್ತೀರಿ ಅಂದುಕೊಂಡೆ. ಅದಕ್ಕೂ ತಲೆ ತೆಗೆಯುವ ಷರತ್ತು ಸೇರಿಸಿದಿರಿ."

ರಾಜ ಸಿಂಹಾಸನದಿಂದ ಎದ್ದ. "ಮೂರೂ ಸರಿ. ಚೌಡವ್ವನನ್ನು ಕ್ಷಮಿಸಿದ್ದೇನೆ."

"ಕ್ಷಮೆ ಬೇಡ ಬುದ್ಧೀ!" ಸಣ್ಣೀರ ಕದಲಲಿಲ್ಲ. "ಕ್ಷಮೆ ತಪ್ಪು ಮಾಡಿದವರಿಗೆ. ಅವಳು ಕಳ್ಳಿಯಲ್ಲ ಅಂತ ತಾವೇ ಹೋಗಿ ಹೇಳಬೇಕು. ನಾನು ಬೇಡೋದು ಅದು. ತಪ್ಪು ಹೇಳಿದ ಆ ಮೂವರನ್ನೂ ಮನೆಗೆ ಕಳಿಸಿ. ಕಸ ಗುಡಿಸೋದು ಬಾರದ್ದಕ್ಕೆ ಯಾರೂ ಸಾಯಬಾರದು."

"ನನ್ನ ಮಗಳ ಕೈ?"

"ಅದನ್ನು ಅವರನ್ನೇ ಕೇಳಿ."

"ಇವನ ಮನೆಗಾದರೆ ನಾನು ಸಂತೋಷವಾಗಿ ಹೋಗುತ್ತೇನೆ," ಎಂದಳು ಅಮ್ಮಣ್ಣಿ.

ಉಗ್ರಾಣದ ಬೀಗದ ಕೈ ಕೆಂಚರಾಯನ ಸೊಂಟದಿಂದ ಇಳಿದು ಸಣ್ಣೀರನ ಕೈ ಸೇರಿತು. ಆಮೇಲೆ ರಾಜ ಪಲ್ಲಕ್ಕಿ ಬೇಡವೆಂದು ನಡೆದೇ ಸೆರೆಮನೆಗೆ ಹೋದ. ಬಾಗಿಲು ತೆಗೆಸಿ, ತಲೆ ತಗ್ಗಿಸಿ ಒಳಹೊಕ್ಕ.

"ಚೌಡವ್ವಾ, ನೀನು ಕಳ್ಳಿಯಲ್ಲ."

ಮುದುಕಿ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಅದು ನನಗೆ ಗೊತ್ತಿತ್ತು ಬುದ್ಧೀ," ಎಂದಳು.