ಮಗಳ ಪಾಲಿನ ಜೇನು

“ಗುರುಗಳೇ, ಬಿಳಿಯರು ಕಾಡನ್ನು ಆಳುತ್ತಿದ್ದಾಗ ಅಲ್ಲಿನ ಜನ ಅವರನ್ನು ನಂಬಲಿಲ್ಲ. ಅದು ಸರಿ. ಈಗ ನಮ್ಮವರೇ ಹುಲಿಯನ್ನು, ಮರವನ್ನು ಕಾಯುತ್ತಿದ್ದಾರೆ. ಆದರೂ ಕಾಡಿನ ಜನಕ್ಕೆ ಅನುಮಾನ ಏಕೆ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಕಾಡಿನೊಳಗೆ ಒಬ್ಬ ಜೇನು ಕೀಳುವವನಿದ್ದ. ಅವನ ಒಬ್ಬಳೇ ಮಗಳು ಆರನೆಯ ವಯಸ್ಸಿನಲ್ಲಿ ತೀರಿಕೊಂಡಳು. ಗುಡಿಸಲಿನ ಹಿಂದೆಯೇ ಮಣ್ಣು ಮಾಡಿದರು. ಪ್ರತಿ ವರ್ಷದ ಮೊದಲ ಜೇನನ್ನು ಅವನು ಆ ಮಣ್ಣಿನ ಮೇಲೆ ಸುರಿಯುತ್ತಿದ್ದ. ಆಮೇಲೆಯೇ ಗಂಡ ಹೆಂಡತಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಬಿಳಿಯರು ಬೇಟೆಗೆ ಬಂದಾಗ ಅವನು ಅಡಗಿಕೊಳ್ಳುತ್ತಿದ್ದ. ಅವರು ದೇಶ ಬಿಟ್ಟುಹೋದ ಹಲವು ವರ್ಷಗಳ ಮೇಲೆ ಅರಣ್ಯ ಇಲಾಖೆಯ ಒಬ್ಬ ಅಧಿಕಾರಿ ಬಂದ. ಚಾಪೆಯ ಮೇಲೆ ಕುಳಿತು ಮಾತಾಡಿದ.

“ಅಣ್ಣಾ, ನಾನು ನಿನ್ನ ತಮ್ಮ ಅಂತಲೇ ತಿಳಿ. ಬಿಳಿಯರು ಹುಲಿ ಕೊಂದರು, ನಾವು ಉಳಿಸೋಣ. ನೀವೆಲ್ಲ ಕಾಡಂಚಿಗೆ ಬನ್ನಿ. ಮಗಳ ಹತ್ತಿರ ಯಾವಾಗ ಬೇಕಾದರೂ ಹೋಗಿ ಬಾ. ತಡೆಯುವವರು ಯಾರು?”

ಅಧಿಕಾರಿ ಹೋದ ಮೇಲೆ ಹೆಂಡತಿ ಕೇಳಿದಳು: “ಬಂಡೆಯಿಂದ ಜೇನಿಗೆ ಇಳಿಯುವಾಗ ಹಗ್ಗ ಯಾರ ಕೈಗೆ ಕೊಡ್ತೀಯ?”

“ನಿನ್ನ ಅಣ್ಣನ ಕೈಗೆ.”

“ನಿನ್ನ ಸ್ವಂತ ತಮ್ಮ ಇದ್ದಾನಲ್ಲ, ಅವನಿಗೆ ಯಾಕೆ ಕೊಡಲ್ಲ?”

ಅವನು ನಕ್ಕ. ಅವರಲ್ಲಿ ಹಗ್ಗ ಹಿಡಿಯುವುದು ಹೆಂಡತಿಯ ಅಣ್ಣತಮ್ಮಂದಿರೇ. ಹಗ್ಗ ಜಾರಿದರೆ ವಿಧವೆಯಾಗುವವಳು ಅವರ ಒಡಹುಟ್ಟಿದವಳು. ಸ್ವಂತ ತಮ್ಮನಿಗಾದರೆ ಸತ್ತ ಅಣ್ಣನ ಜೇನುಮರಗಳು ಸೇರುತ್ತವೆ.

“ನೀನು ಬಿದ್ದರೆ ಈ ಹೊಸ ತಮ್ಮನ ಮನೆಯಲ್ಲಿ ಅಳೋರು ಯಾರು?” ಎಂದಳು ಅವಳು.

“ಅವನು ನಮ್ಮ ಚಾಪೆ ಮೇಲೆ ಕೂತ ಕಣೇ. ಬಿಳಿಯರು ಕೂತಿದ್ರಾ?” ಎಂದ ಅವನು, ಮರುದಿನ ಕಾಡು ಬಿಡುವ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ.

ಮರುವರ್ಷ ಕಾಡಂಚಿನ ಮರದಲ್ಲಿ ಸಿಕ್ಕ ಮೊದಲ ಜೇನನ್ನು ಸೋರೆ ಬುರುಡೆಯಲ್ಲಿ ತುಂಬಿಕೊಂಡು ಮಗಳ ಮಣ್ಣಿನತ್ತ ಹೊರಟ. ಕಾಡಿಗೆ ಹೊಸದಾಗಿ ಹಾಕಿದ್ದ ಗೇಟಿನಲ್ಲಿ ಕಾವಲುಗಾರ ತಡೆದ. ಒಳಗೆ ಬಿಡಲು ಮೇಲಿನವರ ಅಪ್ಪಣೆ ಬೇಕೆಂದ. ಅಷ್ಟರಲ್ಲಿ ಹುಲಿ ನೋಡುವವರ ಜೀಪು ಬಂತು. ಅದಕ್ಕೆ ಗೇಟು ತೆರೆಯಿತು. ಅವನು ಓಡಿಹೋಗಿ ಬುರುಡೆಯನ್ನು ಜೀಪಿನಲ್ಲಿದ್ದ ಒಬ್ಬರ ಕೈಗಿತ್ತ. ಜಾಗದ ಗುರುತು ಹೇಳಿ, ಅಲ್ಲಿ ಸುರಿಯಿರಿ ಎಂದು ಬೇಡಿಕೊಂಡ. ಅವರು ಆಗಲಿ ಎಂದು ತಲೆಯಾಡಿಸಿದರು.

ಅವನು ಅಲ್ಲೇ ಕುಳಿತ. ಸಂಜೆ ಜೀಪು ಮರಳಿತು. ಬುರುಡೆ ಖಾಲಿಯಾಗಿತ್ತು.

“ಸುರಿದೆವಪ್ಪ” ಎಂದರು ಅವರು.

ಗುರುಗಳು ಕತೆಯನ್ನು ಇಲ್ಲಿಗೆ ಮುಗಿಸಿದರು.

“ನಿಜವಾಗಿ ಸುರಿದಿದ್ದರೇ, ಗುರುಗಳೇ?” ಎಂದು ಶಿಷ್ಯ ಕೇಳಿದ.

“ಹೋಗಿ ನೋಡಿ ಬರಲು ಅವನನ್ನು ಇವತ್ತಿಗೂ ಬಿಟ್ಟಿಲ್ಲ.”