ಎಲೆಗೆ ಅಡ್ಡ ಹಿಡಿದ ಕೈ

“ಬುದ್ಧಿ, ಒಂಟಿಯಾಗಿದ್ದಾಗ ತಪ್ಪದೆ ನಡೆಸುವ ಪಥ್ಯವನ್ನು ನಾಲ್ಕು ಜನರ ನಡುವೆ ಕೊಂಚ ಸಡಿಲಿಸಿದರೆ ತಪ್ಪೇ?”

ಗುರುಗಳನ್ನು ಹೀಗೆ ಕೇಳಿದವನು ಮಠದ ಹಳೆಯ ಶಿಷ್ಯ ಮರುಳಯ್ಯ. ಅವನಿಗೆ ಐವತ್ತು ದಾಟಿತ್ತು. ಅವನ ತಂದೆಗೂ ಅಣ್ಣನಿಗೂ ಲಕ್ವ ಹೊಡೆದಿತ್ತು. ನಿಮ್ಮ ರಕ್ತದ ಒತ್ತಡವೂ ಮಿತಿ ಮೀರಿದೆ, ಹೀಗೇ ಬಿಟ್ಟರೆ ನಿಮ್ಮ ಸರದಿಯೂ ದೂರವಿಲ್ಲ ಎಂದು ಪೇಟೆಯ ಡಾಕ್ಟರು ಹೇಳಿ ಕಳಿಸಿದ್ದರು. ಗುಳಿಗೆ ನುಂಗುವುದನ್ನಾಗಲಿ, ಬೆಳಗ್ಗೆ ಕೆರೆಯವರೆಗೆ ನಡೆದು ಬರುವುದನ್ನಾಗಲಿ ಅವನು ತಪ್ಪಿಸುತ್ತಿರಲಿಲ್ಲ. ತೊಡಕಿದ್ದದ್ದು ದಾಸೋಹದ ಪಂಕ್ತಿಯಲ್ಲಿ. ಅಲ್ಲಿ ಬಡಿಸುವ ಚಿಕ್ಕಲಿಂಗಯ್ಯ ಇವನ ಜೊತೆಯಲ್ಲೇ ಮಠಕ್ಕೆ ಬಂದವನು. ಮರುಳಯ್ಯನಿಗೆ ಬಾಳಕದ ಮೆಣಸಿನಕಾಯಿ ಇಷ್ಟವೆಂದು ಒಳಗಿನಿಂದ ಎರಡು ಹೆಚ್ಚಿಗೆ ತಂದು, ಪಕ್ಕದವರಿಗೆ ಕಾಣದಂತೆ ಎಲೆಯ ಮೇಲಿಟ್ಟು ಹೋಗುತ್ತಿದ್ದ. ಉಪ್ಪಿನಲ್ಲಿ ಮುಳುಗಿ ಎದ್ದ ಪದಾರ್ಥ ಅದು.

“ಚಿಕ್ಕಲಿಂಗಯ್ಯನನ್ನು ಬಿಟ್ಟರೆ ದಿನವೆಲ್ಲ ನನ್ನನ್ನು ವಿಚಾರಿಸುವವರು ಬೇರೆ ಯಾರೂ ಇಲ್ಲ ಬುದ್ಧಿ. ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದರೆ ಆ ಅಕ್ಕರೆಯೂ ಇಲ್ಲವಾಗುತ್ತದೆ,” ಎಂದ ಮರುಳಯ್ಯ.

ಗುರುಗಳು ಈ ಕತೆ ಹೇಳಿದರು.

ಒಬ್ಬ ಬಟ್ಟೆ ವ್ಯಾಪಾರಿಯಿದ್ದ. ಹೆಂಡತಿ ತೀರಿಹೋಗಿದ್ದಳು, ಮಕ್ಕಳಿರಲಿಲ್ಲ. ಗಾಡಿಯಲ್ಲಿ ಸೀರೆ, ಪಂಚೆ ಹೇರಿಕೊಂಡು ಊರೂರು ತಿರುಗುತ್ತಿದ್ದ. ಮಾತಿನ ಮಲ್ಲ. ಕೊಳ್ಳುವ ಮನಸ್ಸಿಲ್ಲದವರೂ ಅವನ ಮಾತು ಕೇಳಲು ಬಂದು ಕೂರುತ್ತಿದ್ದರು. ಗಾಡಿ ಊರು ದಾಟಿದ ಮೇಲೆ ಕೇಳಲು ಎತ್ತುಗಳು ಮಾತ್ರ ಉಳಿಯುತ್ತಿದ್ದವು.

ವಾರಕ್ಕೊಮ್ಮೆ ಒಂದು ಊರಿನ ವಿಧವೆಯೊಬ್ಬಳ ಮನೆಯಲ್ಲಿ ಅವನ ಊಟ. ಅವಳೂ ಒಂಟಿ. ಸೀರೆ ಕೊಂಡ ಪರಿಚಯ ಊಟದವರೆಗೆ ಬೆಳೆದಿತ್ತು. ಅವನಿಗೆ ಬಡಿಸಿ, ತಾನೂ ಎದುರಿಗೆ ಎಲೆ ಹಾಕಿಕೊಂಡು ಕೂರುತ್ತಿದ್ದಳು. ಊರಿನವರು ಮೊದಮೊದಲು ಆಡಿಕೊಂಡರು, ಆಮೇಲೆ ಅವರಿಗೂ ಬೇಸರವಾಯಿತು. ವಾರದ ಉಳಿದ ದಿನಗಳೆಲ್ಲ ಇಬ್ಬರಿಗೂ ಆ ಊಟಕ್ಕಾಗಿ ಕಾಯುವ ದಿನಗಳೇ. ಹಾಗೆಂದು ಒಬ್ಬರಿಗೊಬ್ಬರು ಹೇಳಿಕೊಂಡವರಲ್ಲ.

ಒಂದು ದಿನ ಬಟ್ಟೆ ಅಳೆಯುತ್ತಿದ್ದಾಗ ವ್ಯಾಪಾರಿಯ ಬಲಗೈ ಜೋಮು ಹಿಡಿದು ಗಜಕೋಲು ಕೆಳಗೆ ಬಿತ್ತು. ನಾಲಿಗೆ ತೊದಲಿತು. ಅನ್ನ ಬೇಯುವಷ್ಟು ಹೊತ್ತಿನಲ್ಲಿ ಎಲ್ಲ ಸರಿಹೋಯಿತು. ಅವನು ನಕ್ಕು ಗಜಕೋಲು ಎತ್ತಿಕೊಂಡ. ಆದರೆ ಒಳಗೆ ಹೆದರಿದ್ದ. ವೈದ್ಯನ ಬಳಿ ಹೋದ.

“ಇದು ಬಾಗಿಲು ತಟ್ಟಿ ಹೋಗಿದೆ ಶೆಟ್ರೇ,” ಎಂದ ವೈದ್ಯ. “ಇನ್ನೊಂದ್ ಸಲ ಬಂದ್ರೆ ತಟ್ಟಲ್ಲ, ಒಳಗೇ ಬರುತ್ತೆ. ಹೊಗೆಸೊಪ್ಪು ಬಿಡಿ. ನಡೀರಿ. ಉಪ್ಪು ಮುಟ್ಟಬೇಡಿ. ಹುಷಾರಾಗಿದೀನಿ ಅನ್ನಿಸಿದ್ ದಿನಾನೂ ಮದ್ದು ತಪ್ಪಿಸಬೇಡಿ. ಮದ್ದು ನಾನು ಕೊಡ್ತೀನಿ, ಮಿಕ್ಕಿದ್ದೆಲ್ಲ ನಿಮ್ಮದು.”

ವ್ಯಾಪಾರಿ ಮಾತು ಕೇಳಿದ. ಹೊಗೆಸೊಪ್ಪಿನ ಚೀಲವನ್ನು ಕೆರೆಗೆ ಎಸೆದ. ಗಾಡಿಯಿಂದಿಳಿದು ಎತ್ತುಗಳ ಪಕ್ಕದಲ್ಲಿ ನಡೆದ. ಅವಕ್ಕೂ ಭಾರ ಇಳಿಯಿತು. ಬೆಳಗ್ಗೆ ಮುಖ ತೊಳೆದೊಡನೆ ಮದ್ದು ತೆಗೆದುಕೊಂಡ. ದಾರಿಯಲ್ಲಿ ತಾನೇ ಬೇಯಿಸಿಕೊಂಡ ಗಂಜಿಗೆ ಉಪ್ಪು ಹಾಕಲಿಲ್ಲ. ಯಾರೂ ನೋಡದ ಕಡೆ ಮಾಡಬೇಕಾದದ್ದನ್ನೆಲ್ಲ ಅವನು ಮಾಡಿದ. ಅದೇನು ಸಣ್ಣ ಕೆಲಸವಲ್ಲ, ಮರುಳಯ್ಯ. ಅದನ್ನೂ ಮಾಡಲಾರದೆ ಹೋದವರೇ ಹೆಚ್ಚು.

ವಾರದ ಊಟದ ದಿನ ಬಂತು. ವಿಧವೆ ನಿಂಬೆಕಾಯಿ ಉಪ್ಪಿನಕಾಯಿ ಬಡಿಸಲು ಬಗ್ಗಿದಳು. ವ್ಯಾಪಾರಿ ಎಲೆಗೆ ಕೈ ಅಡ್ಡ ಹಿಡಿದ. ಅವಳ ಮುಖ ಸಣ್ಣದಾಯಿತು.

“ಯಾಕೆ ಶೆಟ್ರೇ, ನನ್ ಕೈ ಉಪ್ಪಿನಕಾಯಿ ಬೇಜಾರಾಯ್ತಾ?”

ಅವನು ಕೈ ತೆಗೆದುಬಿಟ್ಟ.

ಊರೂರನ್ನು ಮಾತಿನಲ್ಲಿ ಗೆದ್ದವನಿಗೆ ಆ ಹೊತ್ತಿನಲ್ಲಿ ಬೇಕಾಗಿದ್ದದ್ದು ಒಂದೇ ಒಂದು ಮಾತು. ಅದು ಬರಲಿಲ್ಲ. ಕಾಯಿಲೆಯವನೆಂದು ತಿಳಿದರೆ ಇವಳು ಮರುಕದಿಂದ ಬಡಿಸುತ್ತಾಳೆ, ಮರುಕದ ಊಟ ಬೇಡ ಎಂದುಕೊಂಡ. ವಾರಕ್ಕೊಂದು ದಿನ ತಾನೇ ಎಂದು ಸಮಾಧಾನ ಹೇಳಿಕೊಂಡ. ಆದರೆ ಈ ಮನೆಗೆ ಇಲ್ಲದ ಪಥ್ಯ ಮುಂದಿನ ಮನೆಗೆ ಏಕಿರಬೇಕು? ಎರಡನೆಯ ಊರಿನವರು ಸಂಡಿಗೆ ಕೊಟ್ಟರು, ತಿಂದ. ಮೂರನೆಯ ಊರಿನವರು ಎಲೆಯಡಿಕೆಯ ತಟ್ಟೆಯಲ್ಲಿ ಹೊಗೆಸೊಪ್ಪು ಇಟ್ಟರು, ಅದನ್ನೂ ಹಾಕಿಕೊಂಡ. ದಾರಿಯಲ್ಲಿ ಸನ್ಯಾಸಿ, ಊರಿನಲ್ಲಿ ನೆಂಟ.

ಹೇಳಬೇಕೆಂಬ ಆಸೆ ಇಲ್ಲದಿರಲಿಲ್ಲ. ಪ್ರತಿ ವಾರ ಅವಳ ಊರು ಹತ್ತಿರವಾದಾಗ ಅವನು ಎತ್ತುಗಳ ಮುಂದೆ ಹೇಳಿ ನೋಡುತ್ತಿದ್ದ: “ಅಮ್ಮಾವ್ರೇ, ನಾನು ಉಪ್ಪು ತಿನ್ನೋ ಹಾಗಿಲ್ಲ.” ಅಲ್ಲಿ ಸಲೀಸಾಗಿ ಬರುತ್ತಿತ್ತು. ಅವಳ ಹೊಸಿಲು ದಾಟಿದೊಡನೆ ಮಾಯವಾಗುತ್ತಿತ್ತು. ಹೀಗೇ ಎರಡು ಸುಗ್ಗಿ ಕಳೆದವು.

ಒಂದು ದಿನ ಅದೇ ಮನೆಯಲ್ಲಿ, ಉಣ್ಣುತ್ತಿದ್ದಾಗಲೇ, ತುತ್ತು ಅವನ ಕೈಯಿಂದ ಜಾರಿತು. ಬಾಯಿ ಒಂದು ಪಕ್ಕಕ್ಕೆ ವಾಲಿತು. ಅವಳು ಕೂಗಿ ನೆರೆಯವರನ್ನು ಕರೆದಳು. ಅವನ ಗಾಡಿಯಲ್ಲೇ ಅವನನ್ನು ಮಲಗಿಸಿ ವೈದ್ಯನ ಬಳಿಗೆ ಓಡಿಸಿದರು. ಜೀವ ಉಳಿಯಿತು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಅವನನ್ನು ಕರೆದೊಯ್ಯುವವರು ಯಾರೂ ಇರಲಿಲ್ಲ. ಅವಳು ತನ್ನ ಪಡಸಾಲೆಯಲ್ಲೇ ಹಾಸಿಗೆ ಹಾಸಿದಳು.

ವೈದ್ಯ ಅವಳಿಗೆ ಪಥ್ಯ ವಿವರಿಸತೊಡಗಿದ. ಅವಳು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಗೊತ್ತು ಬಿಡಿ ಎಂದಳು.

ಮಧ್ಯಾಹ್ನ ಒಂದೇ ಪಾತ್ರೆಯಿಂದ ಎರಡು ಬಟ್ಟಲಿಗೆ ಗಂಜಿ ಬಗ್ಗಿಸಿದಳು. ಅವನಿಗೆ ಒಂದು ಗುಟುಕು ಕುಡಿಸಿ, ತಾನೊಂದು ಗುಟುಕು ಕುಡಿದಳು. ಗಂಜಿಗೆ ಉಪ್ಪಿರಲಿಲ್ಲ. ವ್ಯಾಪಾರಿ ಅವಳ ಬಟ್ಟಲನ್ನೇ ನೋಡಿದ.

“ನಂಗೂ ಉಪ್ಪು ಬಿಡಿ ಅಂತ ಹೇಳಿ ಎಷ್ಟೋ ವರ್ಷ ಆಯ್ತು ಶೆಟ್ರೇ,” ಎಂದಳು ಅವಳು. “ನಮ್ಮಮ್ಮ ಹೋಗಿದ್ದೂ ಲಕ್ವದಲ್ಲೇ. ನೀವು ಬರೋ ದಿನ ಮಾತ್ರ ಉಪ್ಪಿನಕಾಯಿ ಜಾಡಿ ತೆಗೀತಿದ್ದೆ. ನಿಮಗೆ ಬಡಿಸಿ ನಾನು ಸುಮ್ನೆ ಕೂತ್ರೆ ಚೆನ್ನಾಗಿರಲ್ಲ ಅಂತ ನಾನೂ ತಿಂತಿದ್ದೆ. ಹೇಳಿದ್ರೆ ನೀವು ಬರೋದನ್ನೇ ಬಿಡ್ತೀರೇನೋ ಅಂತ ಭಯ.”

ವ್ಯಾಪಾರಿಗೆ ಹೇಳಲು ಬಹಳ ಇತ್ತು. ನಾಲಿಗೆ ಏಳಲಿಲ್ಲ. ಕಣ್ಣಿಂದ ನೀರಿಳಿಯಿತು. ಅವಳು ಸೆರಗಿನಿಂದ ಒರೆಸಿ ಮುಂದಿನ ಗುಟುಕು ಕುಡಿಸಿದಳು. ಅಂದಿನಿಂದ ಅವರಿಬ್ಬರೂ ದಿನವೂ ಒಟ್ಟಿಗೇ ಉಂಡರು. ಆದರೆ ಮಾತಾಡುವವಳು ಅವಳೊಬ್ಬಳೇ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನಿಗೆ ಕೊಂಚ ಸಿಟ್ಟು ಬಂದಿತ್ತು.

“ಇಬ್ಬರಲ್ಲಿ ಒಬ್ಬರಾದರೂ ಬಾಯಿಬಿಟ್ಟು ಹೇಳಬಹುದಿತ್ತಲ್ಲ ಬುದ್ಧಿ,” ಎಂದ.

ದಾಸೋಹದ ಮನೆಯಲ್ಲಿ ಎಲೆ ಹಾಕುತ್ತಿದ್ದರು. ಪಂಕ್ತಿಗೆ ಬನ್ನಿ ಎಂದು ಚಿಕ್ಕಲಿಂಗಯ್ಯ ಕರೆಯುವುದು ಇಲ್ಲಿಗೂ ಕೇಳಿಸಿತು.

“ಹೇಳಬಹುದಿತ್ತು,” ಎಂದರು ಗುರುಗಳು, “ನೀನು ಅವನಿಗೆ ಹೇಳಿದ್ದೀಯಾ?”