ನೋಹನ ಮಾನಕ್ಕಾಗಿ ನಡೆದ ಜಗಳ

ಶಿಷ್ಯ ಕೇಳಿದ: "ಗುರುಗಳೇ, ಕ್ರೈಸ್ತರ ಗಬ್ರಿಯೇಲ ಮತ್ತು ಮುಸ್ಲಿಮರ ಜಿಬ್ರೀಲ್ ಒಬ್ಬನೇ ದೇವದೂತ. ಅವರ ನೋಹ, ಮೋಶೆ, ದಾವೀದರೇ ಇವರ ನೂಹ್, ಮೂಸಾ, ದಾವೂದ್. ನಾಳೆ ಸರ್ವಧರ್ಮ ಸಮ್ಮೇಳನದಲ್ಲಿ ನಾನು ಮಾತಾಡಬೇಕು. ಎರಡು ನಂಬಿಕೆಗಳೂ ಒಂದೇ ಎಂದು ಹೇಳಿಬಿಡಲೇ?"

ಗುರುಗಳು ಹೇಳಿದರು: "ಹೇಳಬಹುದು. ಅಂಥ ಭಾಷಣಕ್ಕೆ ಚಪ್ಪಾಳೆ ಬರುತ್ತದೆ. ಊಟಕ್ಕೂ ತಡವಾಗುವುದಿಲ್ಲ."

ಶಿಷ್ಯನಿಗೆ ಸಮಾಧಾನವಾಯಿತು. ಅವನ ಸಮಾಧಾನ ಗುರುಗಳಿಗೆ ಹಿಡಿಸಲಿಲ್ಲ. ಅವರು ಒಂದು ಕತೆ ಹೇಳಿದರು.

ನದಿ ಸಮುದ್ರವನ್ನು ಸೇರುವ ಕಡೆ ಒಂದು ಕಡವು ಇತ್ತು. ಅಲ್ಲಿ ಒಬ್ಬ ಊರಿನ ದೋಣಿ ನಡೆಸಿ ಜನರನ್ನು ದಾಟಿಸುತ್ತಿದ್ದ. ಅವನು ಕ್ರೈಸ್ತ, ಊರವರಿಗೆ ಪೊರ್ಬು. ದಡದಲ್ಲಿ ಇನ್ನೊಬ್ಬ ಚಹಾದ ಅಂಗಡಿ ಇಟ್ಟಿದ್ದ. ಅವನು ಮುಸ್ಲಿಂ, ಊರವರಿಗೆ ಬ್ಯಾರಿ. ಅಂಗಡಿಯ ಹಿಂದೆ ತೆಂಗಿನ ನಾರಿನಿಂದ ಹಗ್ಗ ಹೊಸೆಯುವ ಒಬ್ಬ ಹೆಂಗಸಿದ್ದಳು. ಅವಳಿಗೂ ಒಂದು ಜಾತಿ ಇತ್ತು. ಆದರೆ ಹಗ್ಗದವಳು ಎಂದರೆ ಸಾಕಾಗುತ್ತಿತ್ತು.

ಇಗರ್ಜಿಯ ಹಬ್ಬದ ಸಂಜೆ ಪೊರ್ಬು ಕೊನೆಯ ಜನರನ್ನು ದಡಕ್ಕೆ ಇಳಿಸಿದ. ದೋಣಿಯಲ್ಲೇ ಕುಳಿತು ಸ್ವಲ್ಪ ಕುಡಿದ. ಆಮೇಲೆ ಸ್ವಲ್ಪವಲ್ಲದಷ್ಟು ಕುಡಿದ. ದೋಣಿಯನ್ನು ಕಂಬಕ್ಕೆ ಕಟ್ಟದೆ ಮನೆಗೆ ಹೋದ. ಬೆಳಿಗ್ಗೆ ಕಂಬ ಇತ್ತು, ದೋಣಿ ಇರಲಿಲ್ಲ.

ಊರವರು ಸೇರಿ, ಹೇಗಾಯಿತು ಎಂದು ಕೇಳಿದರು. ಪೊರ್ಬುವಿಗೆ ತಲೆ ಸಿಡಿಯುತ್ತಿತ್ತು. ಹಗ್ಗ ಕಡಿದಿರಬೇಕು ಎಂದುಬಿಟ್ಟ. ಕಂಬದಲ್ಲಿ ಹಗ್ಗದ ಒಂದು ತುಂಡೂ ಉಳಿದಿರಲಿಲ್ಲ. ಆದರೆ ಆಗ ಯಾರೂ ಕಂಬವನ್ನು ನೋಡುತ್ತಿರಲಿಲ್ಲ. ಎಲ್ಲರೂ ಹಗ್ಗದವಳನ್ನು ನೋಡುತ್ತಿದ್ದರು. ತನ್ನ ಹಗ್ಗ ಕಡಿಯುವಂಥದಲ್ಲ ಎಂದು ಅವಳು ಹೇಳಿದಳು. ಹಗ್ಗ ಹೊಸೆಯುವವರೆಲ್ಲ ಹಾಗೇ ಹೇಳುತ್ತಾರೆ ಎಂದರು ಊರವರು. ಆ ಊರಿನಲ್ಲಿ ಅವಳನ್ನು ಬಿಟ್ಟರೆ ಹಗ್ಗ ಹೊಸೆಯುವವರು ಯಾರೂ ಇರಲಿಲ್ಲ.

ಮೀನುಗಾರರು ಅವಳ ಹಗ್ಗ ಕೊಳ್ಳುವುದನ್ನು ಬಿಟ್ಟರು. ಕಡಿಯುವ ಹಗ್ಗವನ್ನು ನಂಬಿ ಸಮುದ್ರಕ್ಕೆ ಇಳಿಯುವವರು ಯಾರು? ಹೊಸೆದ ಸುರುಳಿಗಳು ಜಗಲಿಯಲ್ಲಿ ಬಿದ್ದವು. ಸ್ವಲ್ಪ ದಿನ ನೋಡಿ, ಅವಳು ರಾಟೆಯನ್ನು ಕಳಚಿದಳು. ತಂಗಿಯ ಊರಿಗೆ ಹೋಗಲು ಗಾಡಿಗೆ ಹೇಳಿದಳು.

ಬ್ಯಾರಿಗೆ ನಿಜ ಗೊತ್ತಿತ್ತು. ಸಂಜೆಯ ನಮಾಜಿಗೆ ಹೋಗುವಾಗ, ಪೊರ್ಬು ದೋಣಿ ಕಟ್ಟದೆ ಎದ್ದು ಹೋದದ್ದನ್ನು ಅವನು ಕಂಡಿದ್ದ. ತಿರುಗಿ ಬಂದು ಕಟ್ಟಿಯಾನು ಎಂದುಕೊಂಡಿದ್ದ. ಊರವರು ಅವನನ್ನು ಕೇಳಲಿಲ್ಲ, ಅವನು ಹೇಳಲಿಲ್ಲ. ಯಾರೂ ಕೇಳದಿದ್ದಾಗ ಸುಮ್ಮನಿರುವುದು ಸುಳ್ಳಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಮತ್ತೆ ಮತ್ತೆ ಹೇಳಿಕೊಳ್ಳಬೇಕಾಯಿತು. ನಿಜವಾದ ಮಾತಿಗೆ ಅಷ್ಟು ಆರೈಕೆ ಬೇಕಾಗುವುದಿಲ್ಲ.

ಗಾಡಿ ಬರುವ ದಿನ ಪೊರ್ಬು ಚಹಾಕ್ಕೆ ಬಂದ. ಬೆಂಚಿನ ಮೇಲೆ ಮೀನುಗಾರರು ಕುಳಿತಿದ್ದರು. ಬ್ಯಾರಿ ಲೋಟ ಕೊಡುವ ನೆಪದಲ್ಲಿ ಬಗ್ಗಿ, ಅವಳು ಹೋಗುವ ಮೊದಲು ನೀನೇ ಹೇಳಿಬಿಡು ಎಂದು ಪಿಸುಗುಟ್ಟಿದ. ನಾನಾಗಿ ಬಾಯಿ ಬಿಡುವುದಿಲ್ಲ. ಆದರೆ ಯಾರಾದರೂ ಕೇಳಿದರೆ ಸುಳ್ಳು ಹೇಳಲಾರೆ. ನನ್ನ ಭುಜಗಳ ಮೇಲೆ ಇಬ್ಬರು ಮಲಕುಗಳು, ಅಂದರೆ ದೇವದೂತರು, ಕುಳಿತಿದ್ದಾರೆ. ಬಲಗಡೆಯವನು ಪುಣ್ಯ ಬರೆಯುತ್ತಾನೆ, ಎಡಗಡೆಯವನು ಪಾಪ ಎಂದ.

ನಿಮ್ಮ ದೇವದೂತರು ಶಾನುಭೋಗರು, ನನ್ನವನು ತಳವಾರ, ಬರೆಯುವ ಚಾಳಿ ಅವನಿಗಿಲ್ಲ, ಸುಮ್ಮನೆ ನನ್ನನ್ನು ಕಾಯುತ್ತಾನೆ ಎಂದ ಪೊರ್ಬು. ಆ ಸಂಜೆ ತಳವಾರ ರಜೆ ಹಾಕಿದ್ದನೇ ಎಂದು ಬ್ಯಾರಿ ಕೇಳಿದ. ಪೊರ್ಬುವಿಗೆ ಮಾತು ನಾಟಿತು. ದೇವದೂತರಲ್ಲೂ ಆಜ್ಞೆ ಮೀರಿ ಬಿದ್ದವರಿದ್ದಾರೆ, ಸೈತಾನ ಹಾಗೆ ಬಿದ್ದವನೇ, ಇನ್ನು ಮನುಷ್ಯನ ಪಾಡೇನು ಎಂದ. ಬ್ಯಾರಿ ಅದನ್ನು ಒಪ್ಪಲಿಲ್ಲ. ಮಲಕುಗಳು ಬೆಳಕಿನಿಂದ ಆದವರು, ಆಜ್ಞೆ ಮೀರುವುದು ಅವರಿಗೆ ಬರುವುದೇ ಇಲ್ಲ. ಮೀರಿದವನು ಬೆಂಕಿಯಿಂದ ಆದ ಜಿನ್ನ್. ಅವನನ್ನು ತಂದು ಮಲಕುಗಳ ಮನೆತನಕ್ಕೆ ಸೇರಿಸಬೇಡ ಎಂದ.

ಇಷ್ಟರಲ್ಲಿ ಪಿಸುಮಾತು ಹೋಗಿ ದನಿ ಏರಿತ್ತು. ಬೆಂಚಿನವರು ಚಹಾ ಕುಡಿಯುವುದನ್ನು ನಿಧಾನ ಮಾಡಿದರು.

ಪೊರ್ಬು ತನ್ನ ಕೊನೆಯ ಆಸರೆಗೆ ಕೈ ಹಾಕಿದ. "ಪ್ರಳಯ ದಾಟಿಸಿದ ನೋಹನೇ ದ್ರಾಕ್ಷಾರಸ ಕುಡಿದು ಗುಡಾರದಲ್ಲಿ ಬಟ್ಟೆಯ ಪರಿವೆ ಇಲ್ಲದೆ ಬಿದ್ದಿದ್ದ. ನಮ್ಮ ಬೈಬಲಿನಲ್ಲೇ ಇದೆ, ಮಾರಾಯ."

ಬ್ಯಾರಿ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟ. ದೋಣಿ ಹೋದಾಗಲೂ ಅವನಿಗೆ ಇಷ್ಟು ಸಿಟ್ಟು ಬಂದಿರಲಿಲ್ಲ. "ಕುಡಿಯುವವನು ನೀನು. ನಿನ್ನ ಕಳ್ಳನ್ನು ನೂಹ್ ನೆಬಿಯವರ ಬಾಯಿಗೆ ಹೊಯ್ಯಬೇಡ, ಪೊರ್ಬು."

ಗುರುಗಳು ಇಲ್ಲಿ ಕತೆ ನಿಲ್ಲಿಸಿ ಶಿಷ್ಯನಿಗೆ ಹೇಳಿದರು: ಪೊರ್ಬುವಿಗೆ ನೋಹ ಒಬ್ಬ ಹಿರಿಯ. ಹಿರಿಯರು ಎಡವುತ್ತಾರೆ. ದಾವೀದ ರಾಜನೂ ಎಡವಿದ, ಅತ್ತ, ಎದ್ದ. ಯೇಸುವಿನ ಮಾತು ಮಾತ್ರ ಬೇರೆ. ಯೇಸುವನ್ನು ಪ್ರವಾದಿಗಳ ಸಾಲಿನಲ್ಲಿ ನಿಲ್ಲಿಸಿ ಕ್ರೈಸ್ತರು ಸುಮ್ಮನಾಗುವುದಿಲ್ಲ, ದೇವರ ಮಗ ಎನ್ನುತ್ತಾರೆ. ಬ್ಯಾರಿಗೆ ನೂಹ್ ಬರೀ ಹಿರಿಯನಲ್ಲ, ಪ್ರವಾದಿ. ದಾರಿ ತೋರಿಸಲು ಕಳಿಸಿದವನನ್ನು ದೇವರು ಹಳ್ಳಕ್ಕೆ ಬೀಳಲು ಬಿಡುವುದಿಲ್ಲ. ಬ್ಯಾರಿ ಈಸಾ ಎಂದು ಕರೆಯುವ ಯೇಸು ಕೂಡ ಅಂಥ ಪ್ರವಾದಿಯೇ. ಕನ್ಯೆ ಮರ್ಯಮಳ ಮಗ, ದೇವರ ಮಗನಲ್ಲ. ತನ್ನವರು ಬಿದ್ದರೂ ಎದ್ದರು ಎಂಬುದು ಒಬ್ಬನ ಧೈರ್ಯ. ತನ್ನವರು ಬೀಳಲೇ ಇಲ್ಲ ಎಂಬುದು ಇನ್ನೊಬ್ಬನ ಧೈರ್ಯ. ಧೈರ್ಯವನ್ನು ಮುಟ್ಟಿದರೆ ಯಾರೂ ಸುಮ್ಮನಿರುವುದಿಲ್ಲ.

ಇವರೂ ಸುಮ್ಮನಿರಲಿಲ್ಲ. ಕುಡುಕನೊಬ್ಬ ಅಂಥ ನೀರಿನಲ್ಲಿ ಹಡಗು ನಡೆಸಿದ್ದರೆ ನಾವ್ಯಾರೂ ಹುಟ್ಟುತ್ತಲೇ ಇರಲಿಲ್ಲ ಎಂದ ಬ್ಯಾರಿ. ಕುಡಿದದ್ದು ಹಡಗು ನೆಲ ಮುಟ್ಟಿದ ಮೇಲೆ ಎಂದ ಪೊರ್ಬು. ದೇವರು ಆರಿಸಿದವನು ನೆಲ ಮುಟ್ಟಿದ ಮೇಲೂ ಕುಡಿಯುವುದಿಲ್ಲ, ಕುಡಿದರೆ ದೇವರು ಅವನನ್ನು ಇಟ್ಟುಕೊಳ್ಳುವುದಿಲ್ಲ ಎಂದ ಬ್ಯಾರಿ. ಪೊರ್ಬು ಎದ್ದು ನಿಂತ.

"ಕುಡಿದು ದೋಣಿ ಕಟ್ಟದೆ ಹೋದ ನನ್ನನ್ನೇ ದೇವರು ಇನ್ನೂ ಕೈ ಬಿಟ್ಟಿಲ್ಲ. ನೋಹನನ್ನು ಬಿಡುತ್ತಾನಾ?"

ಹಾಲು ಉಕ್ಕಿತು, ಯಾರೂ ಇಳಿಸಲಿಲ್ಲ. ವಾದದಲ್ಲಿ ಗೆದ್ದೆ ಎಂದು ಪೊರ್ಬುವಿಗೆ ಒಂದು ಕ್ಷಣ ಅನಿಸಿತು. ಆಮೇಲೆ ತಾನು ಹೇಳಿದ್ದೇನು ಎಂಬುದು ತನಗೇ ಕೇಳಿಸಿತು. ಬೆಂಚಿನಲ್ಲಿದ್ದ ಒಬ್ಬ ಮುದುಕ, ಯಾವ ದೋಣಿ ಎಂದು ಮೆಲ್ಲಗೆ ಕೇಳಿದ. ಆಗಲೂ ಮಾತು ತಿರುಗಿಸಬಹುದಿತ್ತು. ಪೊರ್ಬು ತಿರುಗಿಸಲಿಲ್ಲ.

"ನಮ್ಮದೇ. ಹಗ್ಗ ಕಡಿಯಲಿಲ್ಲ. ನಾನು ಕಟ್ಟಲೇ ಇಲ್ಲ."

ಇಷ್ಟು ಹೇಳಿ ಅವನು ಕುಳಿತು ಉಳಿದ ಚಹಾ ಕುಡಿದ. ಹಬ್ಬದ ನಂತರ ಅಂದೇ ಮೊದಲು ಅವನಿಗೆ ಚಹಾದಲ್ಲಿ ಸಕ್ಕರೆ ಇರುವುದು ಗೊತ್ತಾಯಿತು. ತಾನೂ ನೋಡಿದ್ದೆ, ನೋಡಿಯೂ ಸುಮ್ಮನಿದ್ದೆ ಎಂದು ಬ್ಯಾರಿ ಯಾರೂ ಕೇಳದೆಯೇ ಹೇಳಿದ. ಅವನಿಗೂ ಎಡಭುಜ ಹಗುರಾಯಿತು.

ಎಲ್ಲರೂ ಹಗ್ಗದವಳ ಮನೆಗೆ ಹೋದರು. ಗಾಡಿ ಬಂದು ನಿಂತಿತ್ತು. ರಾಟೆಯನ್ನು ಏರಿಸಿ ಆಗಿತ್ತು. ಪೊರ್ಬು ತಲೆ ತಗ್ಗಿಸಿ ಇನ್ನೊಮ್ಮೆ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡಳು. ರಾಟೆ ಇಳಿಸು ಎಂದು ಗಾಡಿಯವನಿಗೆ ಹೇಳಿದಳು. ಆಮೇಲೆ ಪೊರ್ಬುವಿನ ಕಡೆ ತಿರುಗಿದಳು. "ಇನ್ನು ಹಗ್ಗ ಬೇಕಾದರೆ ಬ್ಯಾರಿಯನ್ನು ಕಳಿಸು. ಕಟ್ಟುವವರಿಗೆ ಮಾತ್ರ ಕೊಡುವುದು."

ಮೀನುಗಾರರು ನಕ್ಕರು. ನಗುತ್ತಲೇ ಜಗಲಿಯ ಸುರುಳಿಗಳನ್ನು ಕೊಂಡುಕೊಂಡರು.

ಮರುದಿನ ಅಳಿವೆಯ ಆಚೆ, ಮರಳ ದಿಬ್ಬದಲ್ಲಿ ದೋಣಿ ಸಿಕ್ಕಿತು. ಅದರ ಹಗ್ಗ ಒಂದೆಳೆಯೂ ಕಡಿಯದೆ ನೀರಿನಲ್ಲಿ ತೇಲುತ್ತಿತ್ತು. ತಮಗೆ ಮೊದಲೇ ಅನುಮಾನವಿತ್ತು ಎಂದರು ಊರವರು.

ನೋಹನ ವಿಷಯ ಆ ಇಬ್ಬರ ನಡುವೆ ಇಂದಿಗೂ ತೀರ್ಮಾನವಾಗಿಲ್ಲ. ಅಷ್ಟಿದ್ದೂ ಬ್ಯಾರಿ ಒಂದು ದಿನ ಪೊರ್ಬುವಿಗೆ ಒಂದು ಸಂಗತಿ ತಿಳಿಸಿದ. ಎಡಗಡೆಯವನು ಪಾಪ ಬರೆಯಲು ಹೊರಟಾಗ, ಸ್ವಲ್ಪ ತಡೆ, ಕ್ಷಮೆ ಕೇಳಿಯಾನು ಎಂದು ಬಲಗಡೆಯವನು ತಡೆಯುತ್ತಾನಂತೆ. ತಮ್ಮ ಹಿರಿಯರು ಹಾಗೆ ಹೇಳುತ್ತಾರೆ ಎಂದ. ಅಂಥ ಶಾನುಭೋಗರನ್ನು ತಾನು ಎಲ್ಲೂ ಕಂಡಿಲ್ಲ ಎಂದು ಪೊರ್ಬು ಮೆಚ್ಚಿದ. ನಿನ್ನ ತಳವಾರನೂ ತಡವಾಗಿಯಾದರೂ ಕೆಲಸಕ್ಕೆ ಬಂದ ಎಂದ ಬ್ಯಾರಿ.

ಗುರುಗಳು ಕತೆ ಮುಗಿಸಿದರು. ಶಿಷ್ಯನ ಮುಖ ಅರಳಿತು. "ಹಾಗಾದರೆ ಕೊನೆಗೆ ಎರಡೂ ಒಂದೇ ಎಂದಾಯಿತಲ್ಲ, ಗುರುಗಳೇ?"

ಗುರುಗಳು ಹೇಳಿದರು: "ಒಂದೇ ಆಗಿದ್ದರೆ ಇಬ್ಬರೂ ಚಹಾ ಕುಡಿದು ಸುಮ್ಮನೆ ಏಳುತ್ತಿದ್ದರು, ಹಗ್ಗದವಳ ಗಾಡಿ ಹೊರಟುಹೋಗುತ್ತಿತ್ತು."